ನಮ್ಮ ಮನೆಯ ಗುಂಡಿಗೆ ಯಾರು ಇಳಿಯಬೇಕು?

ರಜೆಯ ದಿನ ಸಂಜೆ ಊರಿಗೆ ಫೋನು ಮಾಡುವುದು ನಮ್ಮೆಲ್ಲರ ರೂಢಿ. ಊರಲ್ಲಿ ಮನೆ ಕಟ್ಟಿಸುತ್ತಿರುವವರಾದರೆ ಅದು ವಿಡಿಯೋ ಕಾಲ್ ಆಗುತ್ತದೆ. ತಮ್ಮ ಮೊಬೈಲ್ ಹಿಡಿದುಕೊಂಡು ಒಂದೊಂದೇ ಕೋಣೆ ತೋರಿಸುತ್ತಾನೆ. ಪಡಸಾಲೆಯ ಟೈಲ್ಸ್, ಅಡುಗೆಮನೆಯ ಗ್ರಾನೈಟ್ ಕಟ್ಟೆ, ದೇವರ ಕೋಣೆಯ ಬಾಗಿಲು, ಕೊನೆಗೆ ಬಚ್ಚಲುಮನೆ ಮತ್ತು ಪಾಯಖಾನೆ. ಗೋಡೆಗೆಲ್ಲ ಬಿಳಿ ಟೈಲ್ಸ್, ಹೊಳೆಯುವ ಕಮೋಡ್. ನಮ್ಮ ಅಪ್ಪಂದಿರು ಚಂಬು ಹಿಡಿದು ಬಯಲಿಗೆ ಹೋದವರು. ಅವ್ವಂದಿರು ಕತ್ತಲಾಗುವವರೆಗೆ ತಡೆದುಕೊಂಡು ಕುಳಿತವರು. ಅಂಥ ಮನೆಯಲ್ಲಿ ಇವತ್ತು ಇಂಥದ್ದೊಂದು ಶೌಚಾಲಯ ಇದೆಯಲ್ಲ ಎಂದು ನೋಡುವಾಗ, ಇಲ್ಲಿ ಬಿಸಿಲಲ್ಲಿ ಬೆಂದದ್ದು ಸಾರ್ಥಕವಾಯಿತು ಅನ್ನಿಸುತ್ತದೆ. ಹಾಗೆ ಅನ್ನಿಸುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಆ ಕಮೋಡಿನ ಆಚೆಗೆ, ಮನೆಯ ಹಿತ್ತಲಿನಲ್ಲಿ ಏನು ಮಾಡಿಸಿದ್ದಾರೆ ಎಂದು ನೋಡುವವರು ನಮ್ಮಲ್ಲಿ ಕಡಿಮೆ. ಯಾರಾದರೂ ಕೇಳಿದರೂ "ಗುಂಡಿ ದೊಡ್ಡದೇ ತೋಡಿಸೇವಿ ಅಣ್ಣಾ, ಹತ್ತಿಪ್ಪತ್ತು ವರ್ಷ ಚಿಂತಿಲ್ಲ" ಎಂಬ ಉತ್ತರ ಬರುತ್ತದೆ. ನಮಗೂ ಸಮಾಧಾನವಾಗುತ್ತದೆ. ಮಾತು ಗೃಹಪ್ರವೇಶದ ಕಡೆಗೆ ತಿರುಗುತ್ತದೆ.

ಕೆಲವು ವರ್ಷ ಕಳೆದ ಮೇಲೆ ಅದೇ ತಮ್ಮನ ಫೋನು: "ಅಣ್ಣಾ, ಸಂಡಾಸಿನ ಗುಂಡಿ ತುಂಬೇತಿ. ಒಂದೆರಡು ಸಾವಿರ ಹಾಕು, ಯಾರನ್ನರ ಕರೆಸಿ ತೆಗೆಸ್ತೀನಿ."

ನಾವು ಹಾಕುತ್ತೇವೆ. ತಿಂಗಳ ಹಣ ಕಳಿಸುವಾಗ ಅದರ ಜೊತೆಗೇ ಇದನ್ನೂ ಸೇರಿಸಿ ಎಕ್ಸ್‌ಚೇಂಜಿನಲ್ಲಿ ಕಟ್ಟಿ, ರಸೀದಿ ಜೇಬಿಗಿಟ್ಟು ಮರೆಯುತ್ತೇವೆ. ತಮ್ಮ ಹೇಳಿದ ಆ "ಯಾರನ್ನರ" ಎಂಬ ಮಾತಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಅವನಿಗೆ ಹೆಸರಿದೆ, ಹೆಂಡತಿ ಮಕ್ಕಳಿದ್ದಾರೆ. ನಾವು ಕಳಿಸಿದ ಎರಡು ಸಾವಿರಕ್ಕೆ ಅವನು ಎಲ್ಲಿಗೆ ಇಳಿಯುತ್ತಾನೆ ಎಂಬುದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಗಲ್ಫಿನಲ್ಲಿ ಕೆಲಸ ಮಾಡುವ ನಮಗೆ ಚೆನ್ನಾಗಿ ಗೊತ್ತಿರಬೇಕು.

ಸೈಟಿನಲ್ಲಿ ನಾವು ಕಲಿತದ್ದು

ನಮ್ಮಲ್ಲಿ ರಿಫೈನರಿಯಲ್ಲಿ, ಪೈಪ್‌ಲೈನಿನಲ್ಲಿ, ಒಳಚರಂಡಿ ಕಾಮಗಾರಿಯಲ್ಲಿ ದುಡಿಯುವವರು ಬಹಳ ಜನ ಇದ್ದಾರೆ. ಕಟ್ಟಡದ ಕೆಲಸದವರಿಗೂ ಒಂದಲ್ಲ ಒಂದು ದಿನ ಮ್ಯಾನ್‌ಹೋಲಿನ ಹತ್ತಿರ ನಿಲ್ಲುವ ಸಂದರ್ಭ ಬಂದೇ ಬರುತ್ತದೆ. ಬೆಳಗಿನ ಟೂಲ್‌ಬಾಕ್ಸ್ ಟಾಕ್‌ನಲ್ಲಿ ಸೇಫ್ಟಿ ಆಫೀಸರ್ ಹೇಳುವುದನ್ನು ನಾವು ನಿದ್ದೆಗಣ್ಣಿನಲ್ಲಿ ಕೇಳಿಸಿಕೊಂಡಿದ್ದರೂ ಅದು ನಮಗೆ ಬಾಯಿಪಾಠವಾಗಿದೆ. ಟ್ಯಾಂಕು, ಮ್ಯಾನ್‌ಹೋಲು, ಆಳದ ಗುಂಡಿ ಎಲ್ಲವೂ 'ಕನ್‌ಫೈನ್ಡ್ ಸ್ಪೇಸ್'. ಪರ್ಮಿಟ್ ಇಲ್ಲದೆ ತಲೆ ಒಳಗೆ ಹಾಕುವಂತಿಲ್ಲ. ಮೊದಲು ಗ್ಯಾಸ್ ಟೆಸ್ಟ್ ಆಗಬೇಕು. ಆಮ್ಲಜನಕ ನೂರಕ್ಕೆ 20.9 ಇರಬೇಕಾದದ್ದು 19.5ಕ್ಕಿಂತ ಕೆಳಗಿಳಿದರೆ ಒಳಗೆ ಹೋಗುವಂತಿಲ್ಲ. ಎಚ್‌ಟೂಎಸ್, ಅಂದರೆ ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ, 10 ಪಿಪಿಎಂ ಮುಟ್ಟಿದರೆ ಸೊಂಟದಲ್ಲಿನ ಮೀಟರ್ ಕೂಗುತ್ತದೆ. ಒಳಗೆ ಇಳಿದವನ ಮೈಮೇಲೆ ಹಾರ್ನೆಸ್, ಅದಕ್ಕೆ ಹಗ್ಗ, ಮೇಲೆ ಟ್ರೈಪಾಡ್. ಬಾಯಿಯ ಹತ್ತಿರ ಒಬ್ಬ ಸ್ಟ್ಯಾಂಡ್‌ಬೈ ಮನುಷ್ಯ ಕಣ್ಣು ಮಿಟುಕಿಸದೆ ಕೂರಬೇಕು. ಒಳಗಿದ್ದವನು ಬಿದ್ದರೂ ಇವನು ಇಳಿಯುವಂತಿಲ್ಲ, ಸಹಾಯಕ್ಕೆ ಕೂಗಬೇಕು, ಅಷ್ಟೇ.

ಎಲ್ಲ ಕಂಪನಿಗಳೂ ಇದನ್ನು ಒಂದೇ ಶ್ರದ್ಧೆಯಿಂದ ಪಾಲಿಸುತ್ತವೆ ಎಂದು ನಾವು ಹೇಳುವುದಿಲ್ಲ. ಸಣ್ಣ ಗುತ್ತಿಗೆದಾರರ ಕೈಕೆಳಗೆ ದುಡಿದವರಿಗೆ ಬೇರೆ ಅನುಭವಗಳೂ ಇವೆ. ಆದರೆ ನಿಯಮ ಏನು, ಅದು ಯಾಕೆ ಇದೆ ಎಂಬುದು ನಮಗೆ ಗೊತ್ತು. ಆ ಅನಿಲದ ಮೋಸವೂ ಗೊತ್ತು. ಸ್ವಲ್ಪ ಇದ್ದಾಗ ಮೂಗಿಗೆ ಹೊಡೆಯುತ್ತದೆ. 100 ಪಿಪಿಎಂ ಆಸುಪಾಸಿಗೆ ಬಂದಾಗ ಮೂಗೇ ಸತ್ತುಹೋಗುತ್ತದೆ, ವಾಸನೆ ಹೋಯಿತು ಎಂದು ಮನುಷ್ಯ ಧೈರ್ಯ ಮಾಡುತ್ತಾನೆ. ಇನ್ನೂ ಹೆಚ್ಚಾಗಿ 500, 1000 ತಲುಪಿದರೆ ಕೆಲವೇ ಉಸಿರಿನಲ್ಲಿ ಎಚ್ಚರ ತಪ್ಪುತ್ತದೆ.

ಊರಿನ ಶೌಚದ ಗುಂಡಿಯಲ್ಲಿ ಇರುವುದೂ ಇದೇ ಅನಿಲ. ಗಾಳಿಯಿಲ್ಲದ ಜಾಗದಲ್ಲಿ ಮಲ ಕೊಳೆಯುವಾಗ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಹುಟ್ಟುತ್ತವೆ. ಆಮ್ಲಜನಕ ಕಡಿಮೆಯಾಗುತ್ತದೆ. ಮೇಲೆ ಕೆನೆಗಟ್ಟಿದಂತೆ ಒಂದು ಪದರ ಇರುತ್ತದೆ. ಸಲಿಕೆಯಿಂದ ಅದನ್ನು ಒಡೆದು ಕೆಳಗಿನ ರಾಡಿ ಕಲಕಿದ ಕೂಡಲೇ ಅಲ್ಲಿ ಅಡಗಿದ್ದ ಅನಿಲ ಒಮ್ಮೆಗೇ ಹೊರಗೆ ಬರುತ್ತದೆ. "ಮುಚ್ಚಳ ತೆಗೆದು ಅರ್ಧ ದಿನ ಬಿಟ್ಟಿದ್ವಿ" ಎಂದು ಊರಲ್ಲಿ ಹೇಳುತ್ತಾರೆ. ಆದರೆ ಎಚ್‌ಟೂಎಸ್ ಗಾಳಿಗಿಂತ ಭಾರ, ತಳ ಬಿಟ್ಟು ಸುಲಭವಾಗಿ ಏಳುವುದಿಲ್ಲ. "ದೀಪ ಇಳಿಸಿ ನೋಡಿದ್ವಿ, ಆರಲಿಲ್ಲ" ಎನ್ನುತ್ತಾರೆ. ಮೀಥೇನ್ ಇದ್ದಲ್ಲಿ ಬೆಂಕಿ ಇಳಿಸುವುದೇ ಅಪಾಯ. ಅಲ್ಲದೆ ವಿಷದ ಅನಿಲ ಇದೆಯೋ ಇಲ್ಲವೋ ಎಂದು ದೀಪ ಹೇಳುವುದಿಲ್ಲ.

ಸಾವು ಬರುವ ರೀತಿಯೂ ಎಲ್ಲ ಕಡೆ ಒಂದೇ. ಮೊದಲನೆಯವನು ಇಳಿದು ಕುಸಿಯುತ್ತಾನೆ. ಅವನನ್ನು ಎತ್ತಲು ಅಣ್ಣನೋ ತಮ್ಮನೋ ಇಳಿಯುತ್ತಾನೆ. ಅವನೂ ಮೇಲೆ ಬರುವುದಿಲ್ಲ. ಕೆಲವೊಮ್ಮೆ ಮನೆಯ ಯಜಮಾನನೇ ಮೂರನೆಯವನಾಗುತ್ತಾನೆ. 2019ರಿಂದ 2023ರವರೆಗಿನ ಐದು ವರ್ಷಗಳಲ್ಲಿ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡುವಾಗ 377 ಮಂದಿ ಸತ್ತಿದ್ದಾರೆ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಇದು ಲೆಕ್ಕಕ್ಕೆ ಸಿಕ್ಕ ಸಾವು ಮಾತ್ರ. ಹಳ್ಳಿಯ ಹಿತ್ತಲಿನಲ್ಲಿ ನಡೆದು, ಒಂದಿಷ್ಟು ಹಣ ಕೊಟ್ಟು ಅಲ್ಲೇ ಮುಗಿಸಿದವು ಯಾವ ಪಟ್ಟಿಗೂ ಸೇರುವುದಿಲ್ಲ.

ಕಾನೂನು ಏನು ಹೇಳುತ್ತದೆ

ಮಲ ಬಾಚುವ ಕೆಲಸಕ್ಕೆ ಮನುಷ್ಯರನ್ನು ಹಚ್ಚುವುದನ್ನು ನಿಷೇಧಿಸುವ ಕಾಯ್ದೆ 2013ರಲ್ಲಿ ಬಂತು. ರಕ್ಷಣೆಯ ಸಲಕರಣೆ, ಮುನ್ನೆಚ್ಚರಿಕೆ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಯಾರನ್ನೂ ಇಳಿಸುವಂತಿಲ್ಲ ಎಂದು ಅದು ಹೇಳುತ್ತದೆ. ಇದು ನಗರಸಭೆಗೆ, ಗುತ್ತಿಗೆದಾರನಿಗೆ ಮಾತ್ರ ಸಂಬಂಧಿಸಿದ್ದು ಎಂದು ನಾವು ಭಾವಿಸಿದ್ದೇವೆ. ಹಾಗಲ್ಲ. ಯಾವುದೇ ವ್ಯಕ್ತಿ, ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ, ಇಂಥ ಕೆಲಸಕ್ಕೆ ಇನ್ನೊಬ್ಬನನ್ನು ಹಚ್ಚಿದರೂ ಅದು ಅಪರಾಧ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ದೂರದಿಂದ ಹಣ ಕಳಿಸಿ, ತಮ್ಮನ ಮೂಲಕ ಕೆಲಸ ಮಾಡಿಸುವ ನಾವು ಈ ಕಾಯ್ದೆಯ ಹೊರಗಿದ್ದೇವೆ ಎಂದು ತಿಳಿಯಬೇಕಿಲ್ಲ. ಕಾಯ್ದೆಯ ಮಾತು ಹಾಗಿರಲಿ, ಊರಲ್ಲಿ ಕಟಕಟೆಯಲ್ಲಿ ನಿಲ್ಲಬೇಕಾದವನು ನಮ್ಮ ತಮ್ಮ.

ಗುಂಡಿಗೆ ಇಳಿಯುವವನ ಜಾತಿ

ಇದನ್ನು ಹೇಳದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಊರಲ್ಲಿ ಗುಂಡಿ ತೆಗೆಸಲು "ಯಾರನ್ನರ" ಕರೆಯುವಾಗ ಯಾವ ಓಣಿಗೆ ಹೋಗಿ ಕರೆಯುತ್ತೇವೆ ಎಂಬುದು ಎಲ್ಲರಿಗೂ ಗೊತ್ತು. ತಲೆಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ನಮ್ಮ ರಾಜ್ಯ ದೇಶಕ್ಕಿಂತ ಮುಂಚೆಯೇ ಹೆಜ್ಜೆ ಇಟ್ಟಿತ್ತು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಅದಕ್ಕೆ ತಡೆ ಹಾಕಿದರು. ಕೇಂದ್ರದ ಮೊದಲ ಕಾಯ್ದೆ ಬಂದದ್ದು 1993ರಲ್ಲಿ. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ನೆಲೆಯಿಂದ ಎಬ್ಬಿಸುವುದನ್ನು ವಿರೋಧಿಸಿ, ಊರ ಎದುರಿಗೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ದೇಶದುದ್ದಕ್ಕೂ ಸಫಾಯಿ ಕರ್ಮಚಾರಿಗಳ ಹೋರಾಟ ಕಟ್ಟಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿ ಬೆಳೆದದ್ದು ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಗಣಿ ಕಾಲೋನಿಯ ಕಕ್ಕಸು ಬಾಚುತ್ತಿದ್ದ ಕುಟುಂಬದ ಮಗ ಅವರು.

ಇಲ್ಲಿ ಕ್ಯಾಂಪಿನಲ್ಲಿ ನಾವು ಬೆಳಗ್ಗೆ ನಾಲ್ಕು ಗಂಟೆಗೆ ಎದ್ದು ಬಕೆಟ್ ಹಿಡಿದು ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ. ಮುಂದೆ ನಿಂತವನ ಜಾತಿ ಕೇಳುವುದಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಕ್ಲೀನರ್ ವೀಸಾದಲ್ಲಿ ಬಂದು ಮಾಲಿನ, ಆಸ್ಪತ್ರೆಯ ಟಾಯ್ಲೆಟ್ ತೊಳೆದಿದ್ದೇವೆ. ಊರಲ್ಲಿ ಅದನ್ನು ಹೇಳಿಕೊಳ್ಳಲಿಲ್ಲ, "ಕಂಪನಿ ಕೆಲಸ" ಎಂದೆವು. ಕೈಗೆ ಗ್ಲೌಸು, ಕಾಲಿಗೆ ಬೂಟು, ತಿಂಗಳಿಗೆ ಸಂಬಳ ಇದ್ದಾಗ ಅದೂ ಒಂದು ಉದ್ಯೋಗ ಎಂದು ಅನುಭವದಿಂದ ತಿಳಿದವರು ನಾವು. ಬರಿಗೈಯಲ್ಲಿ, ಬರಿಮೈಯಲ್ಲಿ, ಹುಟ್ಟಿದ ಕುಲದ ಕಾರಣಕ್ಕೆ ಅದೇ ಕೆಲಸ ಮಾಡುವವನಿಗೆ ಊರು ಏನು ಕೊಡುತ್ತದೆ ಎಂದೂ ನಾವು ಯೋಚಿಸಬಲ್ಲೆವು.

"ಅವನಾಗಿಯೇ ಬಂದು ಕೆಲಸ ಕೇಳ್ತಾನಲ್ಲ" ಎಂದು ಕೆಲವರು ವಾದ ಮಾಡುತ್ತಾರೆ. ಹೌದು, ಕೇಳುತ್ತಾನೆ. ನಾವೂ ಏಜೆಂಟನ ಮುಂದೆ ಕುಳಿತು, ಓದಲು ಬಾರದ ಕಾಗದಕ್ಕೆ ನಾವಾಗಿಯೇ ಸಹಿ ಹಾಕಿದ್ದೆವು. ಮನೆಯಲ್ಲಿ ಸಾಲ ಇತ್ತು, ತಂಗಿಯ ಮದುವೆ ಇತ್ತು. ಗತಿಯಿಲ್ಲದವನ ಒಪ್ಪಿಗೆಗೆ ಎಷ್ಟು ಬೆಲೆ ಎಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ದೊಡ್ಡ ಗುಂಡಿ ಎಂಬ ತಪ್ಪು ತಿಳಿವಳಿಕೆ

ಹಾಗಾದರೆ ಏನು ಮಾಡಬೇಕು? ಶೌಚಾಲಯ ಇಲ್ಲದೆ ಆಗುತ್ತದೆಯೇ? ಆಗುವುದಿಲ್ಲ. 2011ರ ಜನಗಣತಿಯ ಹೊತ್ತಿಗೆ ಕರ್ನಾಟಕದ ಹಳ್ಳಿಗಳಲ್ಲಿ ಮೂರನೇ ಒಂದು ಭಾಗದಷ್ಟು ಮನೆಗಳಲ್ಲೂ ಶೌಚಾಲಯ ಇರಲಿಲ್ಲ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾಯಿತು. ಒಂದು ಶೌಚಾಲಯಕ್ಕೆ 12,000 ರೂಪಾಯಿ ಸಹಾಯಧನ ಸಿಕ್ಕಿತು. ಕೋಟಿಗಟ್ಟಲೆ ಶೌಚಾಲಯಗಳು ಎದ್ದವು. 2019ರಲ್ಲಿ ಹಳ್ಳಿಗಳೆಲ್ಲ ಬಯಲು ಶೌಚದಿಂದ ಮುಕ್ತ ಎಂಬ ಘೋಷಣೆಯೂ ಆಯಿತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರಕ್ಕೆ 19 ಮನೆಯವರು ಇನ್ನೂ ಯಾವ ಶೌಚಾಲಯವನ್ನೂ ಬಳಸುತ್ತಿಲ್ಲ ಎಂದು ಕಂಡುಬಂತು. ಆದದ್ದು ದೊಡ್ಡ ಕೆಲಸವೇ. ಮುಗಿದದ್ದಲ್ಲ.

ಕಟ್ಟಿದವುಗಳಲ್ಲೂ ಒಂದು ತಪ್ಪು ನುಸುಳಿತು. ಸರ್ಕಾರ ಶಿಫಾರಸು ಮಾಡಿದ್ದು ಎರಡು ಸಣ್ಣ ಗುಂಡಿಗಳ ಶೌಚಾಲಯ, ಅಂದರೆ ಅವಳಿ ಗುಂಡಿ. ಜನರಿಗೆ ಅದು ಹಿಡಿಸಲಿಲ್ಲ. "ಇಷ್ಟು ಸಣ್ಣ ಗುಂಡಿ ಆರು ತಿಂಗಳಿಗೆ ತುಂಬುತ್ತದೆ, ಆಮೇಲೆ ಯಾರು ತೆಗೆಯುವುದು?" ಎಂಬ ಭಯ. ಉತ್ತರ ಭಾರತದ ಹಳ್ಳಿಗಳಲ್ಲಿ ಅಧ್ಯಯನ ಮಾಡಿದ ಡಯೇನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ ಎಂಬ ಸಂಶೋಧಕರು, ಗುಂಡಿ ತುಂಬುವುದರ ಹೆದರಿಕೆ ಮತ್ತು ಮೈಲಿಗೆಯ ಭಾವನೆ ಸೇರಿ ಜನ ಸಣ್ಣ ಗುಂಡಿಯನ್ನು ದೂರ ಇಡುತ್ತಾರೆ ಎಂದು ತೋರಿಸಿದ್ದಾರೆ. ನಮ್ಮ ಕಡೆಯ ಮಾತು ಕೇಳಿದರೂ ಇದೇ ಹೆದರಿಕೆ ಕಾಣುತ್ತದೆ. ಕೈಯಲ್ಲಿ ದುಡ್ಡು ಇರುವವರು, ಅಂದರೆ ಹೆಚ್ಚಾಗಿ ನಮ್ಮಂಥ ಗಲ್ಫ್ ಮನೆಯವರು, ಹತ್ತಡಿ ಹದಿನೈದು ಅಡಿ ಆಳದ ಗುಂಡಿ ತೋಡಿಸಿದೆವು. ಅದನ್ನೇ ಸೆಪ್ಟಿಕ್ ಟ್ಯಾಂಕ್ ಎಂದು ಕರೆದೆವು. ನಮ್ಮನ್ನು ನೋಡಿ ಪಕ್ಕದ ಬಡವರೂ ಸಾಲ ಮಾಡಿ ಹಾಗೇ ಮಾಡಿದರು. ಮಾಡಲಾಗದವರು ಶೌಚಾಲಯವೇ ಬೇಡ ಎಂದು ಬಿಟ್ಟರು.

ಗುಂಡಿ ಎಷ್ಟು ಆಳವಾದರೆ ಅಷ್ಟು ಅಪಾಯ. ತುಂಬುವುದು ತಡವಾಗಬಹುದು, ಆದರೆ ತುಂಬಿದ ದಿನ ಅಲ್ಲಿರುವುದು ಹಸಿ ಮಲ, ವಿಷದ ಗಾಳಿ ಮತ್ತು ಎರಡಾಳು ಆಳ.

ಅವಳಿ ಗುಂಡಿಯ ಲೆಕ್ಕ

ಅವಳಿ ಗುಂಡಿಯ ಕೆಲಸ ಸರಳ. ಸುಮಾರು ಒಂದು ಮೀಟರ್ ಅಗಲ, ಒಂದು ಕಾಲು ಮೀಟರ್ ಆಳದ ಎರಡು ದುಂಡು ಗುಂಡಿಗಳು. ಒಂದರಿಂದ ಇನ್ನೊಂದಕ್ಕೆ ಕನಿಷ್ಠ ಒಂದು ಮೀಟರ್ ಅಂತರ. ಗೋಡೆಯ ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಬೇಕು, ತಳಕ್ಕೆ ಸಿಮೆಂಟ್ ಹಾಕಬಾರದು. ನೀರು ಮತ್ತು ಅನಿಲ ಮಣ್ಣಿಗೆ ಇಂಗಿ ಹೋಗುತ್ತವೆ, ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ಹಾಗಾಗಿ ಇದಕ್ಕೆ ಗಾಳಿಯ ಪೈಪೂ ಬೇಕಿಲ್ಲ. ಪಾಯಖಾನೆಯಿಂದ ಬರುವ ಪೈಪು ಒಂದು ಸಣ್ಣ ಚೇಂಬರಿಗೆ ಬಂದು ಅಲ್ಲಿ ಕವಲೊಡೆಯುತ್ತದೆ. ಒಂದು ಕವಲನ್ನು ಇಟ್ಟಿಗೆ ಇಟ್ಟು ಮುಚ್ಚಿ, ಇನ್ನೊಂದನ್ನು ಬಳಸಬೇಕು.

ಐದು ಜನರ ಮನೆಗೆ ಒಂದು ಗುಂಡಿ ತುಂಬಲು ಮೂರು ನಾಲ್ಕು ವರ್ಷ ಬೇಕು. ತುಂಬಿದಾಗ ಅದನ್ನು ಯಾರೂ ಮುಟ್ಟುವುದಿಲ್ಲ. ಚೇಂಬರಿನಲ್ಲಿ ಇಟ್ಟಿಗೆ ಬದಲಾಯಿಸಿ ಎರಡನೆಯದಕ್ಕೆ ತಿರುಗಿಸುವುದು, ಅಷ್ಟೇ. ಮೊದಲನೆಯ ಗುಂಡಿ ಮುಚ್ಚಿಕೊಂಡು ಕನಿಷ್ಠ ಒಂದೂವರೆ, ಎರಡು ವರ್ಷ ಸುಮ್ಮನೆ ಇರುತ್ತದೆ. ಅಷ್ಟರಲ್ಲಿ ರೋಗಾಣುಗಳು, ಜಂತುಹುಳುವಿನ ಮೊಟ್ಟೆಗಳು ಸಾಯುತ್ತವೆ. ಮುಚ್ಚಳ ತೆಗೆದಾಗ ಸಿಗುವುದು ಒಣಗಿದ, ವಾಸನೆಯಿಲ್ಲದ ಮಣ್ಣಿನಂಥ ಗೊಬ್ಬರ. ಅದನ್ನು ಮನೆಯವರೇ ಸಲಿಕೆಯಿಂದ ತೆಗೆದು ತೆಂಗಿನ ಬುಡಕ್ಕೆ, ಹೊಲಕ್ಕೆ ಹಾಕಬಹುದು.

ಇದು ಪುಸ್ತಕದ ಮಾತಲ್ಲ. 2017ರ ಫೆಬ್ರವರಿಯಲ್ಲಿ ತೆಲಂಗಾಣದ ವರಂಗಲ್ ಸೀಮೆಯ ಗಂಗದೇವಿಪಲ್ಲಿ ಎಂಬ ಹಳ್ಳಿಯಲ್ಲಿ, ಕೇಂದ್ರ ಸರ್ಕಾರದ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ತಾವೇ ಇಂಥ ಗುಂಡಿಗೆ ಇಳಿದು ಗೊಬ್ಬರ ತೆಗೆದರು. ಬೇರೆ ಬೇರೆ ರಾಜ್ಯಗಳ ಅಧಿಕಾರಿಗಳೂ ಜೊತೆಗೆ ಕೈ ಹಾಕಿದರು. ಐಎಎಸ್ ಅಧಿಕಾರಿ ಇಳಿಯಬಹುದಾದ ಗುಂಡಿಯನ್ನು ನಮ್ಮ ಮನೆಯವರೂ ತೆಗೆಯಬಹುದು. ಇದಕ್ಕೆ ಯಾವ ಓಣಿಯಿಂದಲೂ ಯಾರನ್ನೂ ಕರೆಯಬೇಕಾಗಿಲ್ಲ. ಅವಳಿ ಗುಂಡಿಯ ದೊಡ್ಡ ಗುಣ ನಮ್ಮ ದೃಷ್ಟಿಯಲ್ಲಿ ಇದೇ.

ನೀರಿನ ಉಳಿತಾಯವೂ ಇದೆ. ಇದಕ್ಕೆಂದೇ ಸಿಗುವ ಕಡಿದಾದ ಇಳಿಜಾರಿನ ಬೇಸಿನ್ ಹಾಕಿಸಿದರೆ ಒಂದೂವರೆ, ಎರಡು ಲೀಟರ್ ನೀರು ಸಾಕು. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆ ಬೇಸಿಗೆಯಲ್ಲಿ ಕೊಡ ಹಿಡಿದು ಅಲೆಯುವ ನಮ್ಮ ಅಕ್ಕತಂಗಿಯರಿಗೆ ಇದು ಸಣ್ಣ ಮಾತಲ್ಲ. ಟೈಲ್ಸ್ ಶೌಚಾಲಯವನ್ನು ಸೌದೆ ಇಡುವ ಕೋಣೆ ಮಾಡಿಕೊಂಡ ಮನೆಗಳಲ್ಲಿ ಕಾರಣ ಕೇಳಿದರೆ, ನೀರಿಲ್ಲ ಎಂಬ ಉತ್ತರವೇ ಮೊದಲು ಬರುತ್ತದೆ.

ಕೆಲವು ಎಚ್ಚರಿಕೆ ಬೇಕು. ಸ್ನಾನದ ನೀರು, ಪಾತ್ರೆ ತೊಳೆದ ನೀರು ಈ ಗುಂಡಿಗೆ ಬಿಡಬಾರದು. ಆಸಿಡ್, ಫಿನಾಯಿಲ್ ಸುರಿಯಬಾರದು, ಕೊಳೆಸುವ ಜೀವಾಣುಗಳೇ ಸಾಯುತ್ತವೆ. ಪ್ಯಾಡ್, ಪ್ಲಾಸ್ಟಿಕ್ ಹಾಕಬಾರದು. ಮಳೆ ನೀರು ನುಗ್ಗದಂತೆ ಗುಂಡಿಯ ಬಾಯಿ ನೆಲಕ್ಕಿಂತ ಅರ್ಧ ಅಡಿ ಎತ್ತರದಲ್ಲಿರಬೇಕು. ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ನಿಂದ ಹತ್ತು ಮೀಟರಾದರೂ ದೂರ ಇರಬೇಕು.

ಎಲ್ಲ ಕಡೆಗೂ ಇದು ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಕರಾವಳಿಯಲ್ಲಿ ಮಳೆಗಾಲಕ್ಕೆ ನೆಲದ ನೀರು ಮೇಲೆ ಬರುವ ಜಾಗ, ಬಂಡೆ ನೆಲ, ಮನೆಗೆ ಮನೆ ತಾಗಿಕೊಂಡಿರುವ ಪೇಟೆ ಓಣಿಗಳಲ್ಲಿ ಬೇರೆ ದಾರಿ ಬೇಕು. ಅಲ್ಲಿ ಸೆಪ್ಟಿಕ್ ಟ್ಯಾಂಕೇ ಆಗಲಿ, ಆದರೆ ಸರಿಯಾದದ್ದು ಆಗಲಿ. ಒಳಗೆ ಅಡ್ಡಗೋಡೆ ಇದ್ದು, ಹೊರಗೆ ಬರುವ ನೀರಿಗೆ ಬೇರೆ ಇಂಗುಗುಂಡಿ ಇರಬೇಕು. ಎರಡು ಮೂರು ವರ್ಷಕ್ಕೊಮ್ಮೆ, ತುಂಬಿ ತುಳುಕುವ ಮೊದಲೇ, ಸಕ್ಕಿಂಗ್ ಯಂತ್ರದ ಟ್ಯಾಂಕರ್ ಕರೆಸಿ ಹೀರಿಸಬೇಕು. ಟ್ಯಾಂಕರ್ ಪೈಪು ತಲುಪುವ ಹಾಗೆ ಮುಚ್ಚಳದ ಜಾಗ ಬಿಟ್ಟು ಮನೆ ಕಟ್ಟಿಸಬೇಕು. ಬಚ್ಚಲಿನ ಟೈಲ್ಸ್ ಕೆಳಗೆ ಟ್ಯಾಂಕಿನ ಬಾಯಿ ಮುಚ್ಚಿದವರು ಆಮೇಲೆ ನೆಲ ಒಡೆಸಬೇಕಾಗುತ್ತದೆ. ನಗರ, ಪಟ್ಟಣಗಳಲ್ಲಿ ಈ ಕೆಲಸಕ್ಕೆಂದೇ 14420 ಎಂಬ ಸಹಾಯವಾಣಿ ಇದೆ.

ಈಗಾಗಲೇ ಒಂಟಿ ಗುಂಡಿ ಇರುವವರು ಏನು ಮಾಡಬೇಕು? ಇಂಗುವಂಥ ಗುಂಡಿಯಾದರೆ ತುಂಬಿತೆಂದು ತೆಗೆಸುವ ಗೋಜಿಗೇ ಹೋಗಬೇಡಿ. ಪಕ್ಕದಲ್ಲಿ ಸಣ್ಣದಾಗಿ ಇನ್ನೊಂದು ತೋಡಿಸಿ, ನಡುವೆ ಚೇಂಬರ್ ಕಟ್ಟಿಸಿ, ಪೈಪು ಆ ಕಡೆ ತಿರುಗಿಸಿದರೆ ಆಯಿತು. ಒಂಟಿ ಗುಂಡಿಯನ್ನು ಅವಳಿ ಮಾಡಿಸಲು ಕೇಂದ್ರ ಸರ್ಕಾರವೇ 2022ರಲ್ಲಿ ಅಭಿಯಾನ ನಡೆಸಿತು. ನಾಲ್ಕೂ ಕಡೆ ಸಿಮೆಂಟ್ ಬಳಿದ ದೊಡ್ಡ ಟ್ಯಾಂಕಾದರೆ ರಾಡಿ ಒಣಗುವುದಿಲ್ಲ, ಅದಕ್ಕೆ ಯಂತ್ರವೇ ಬೇಕು.

ತುಂಬಿ ಹರಿದದ್ದು ಯಾರ ಓಣಿಗೆ?

ಇನ್ನೊಂದು ಮಾತು. ನಮ್ಮ ದೊಡ್ಡ ಟ್ಯಾಂಕಿಗೆ ಇಂಗುಗುಂಡಿ ಮಾಡಿಸುವ ಬದಲು ಎಷ್ಟೋ ಕಡೆ ಪೈಪನ್ನು ರಸ್ತೆ ಚರಂಡಿಗೆ ಬಿಟ್ಟಿದ್ದೇವೆ. ಚರಂಡಿ ಇಳಿಜಾರಿಗೆ ಹರಿಯುತ್ತದೆ. ಊರಿನ ಇಳಿಜಾರಿನಲ್ಲಿ ಯಾರ ಮನೆಗಳಿವೆ? ನಮ್ಮ ಮನೆ ಚೊಕ್ಕಟವಾಯಿತು, ಕೆಳಗಿನ ಓಣಿಯ ಮಕ್ಕಳಿಗೆ ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಬಂತು. ಅಲ್ಲಿನ ಒಂದು ಕೊಳವೆಬಾವಿ ಕೆಟ್ಟರೆ ನೂರು ಮನೆಯ ನೀರು ಕೆಟ್ಟಂತೆ. ನೈರ್ಮಲ್ಯ ಒಬ್ಬೊಬ್ಬರ ಮನೆಯ ಸ್ವತ್ತಾಗಿ ಉಳಿಯುವುದಿಲ್ಲ. ಪಕ್ಕದ ಮನೆಯವನಿಗೆ ಗತಿಯಿಲ್ಲದಿದ್ದರೆ ಅವನ ಬಯಲು ನಮ್ಮ ಅಂಗಳಕ್ಕೂ ನೊಣದ ಕಾಲಲ್ಲಿ ಬರುತ್ತದೆ.

ಹೀರಿದ ರಾಡಿ ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ. ಟ್ಯಾಂಕರಿನವನು ಅದನ್ನು ಊರ ಹೊರಗಿನ ಹಳ್ಳಕ್ಕೋ ಕೆರೆಗೋ ಸುರಿದರೆ ನಾವು ಗೆದ್ದದ್ದೇನು? ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲಿಯೇ ಶೌಚ ಗುಂಡಿಗಳ ರಾಡಿಯನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಶುರುವಾಯಿತು. ದೇಶಕ್ಕೆ ಮಾದರಿ ಎನಿಸಿದ ಕೆಲಸ ಅದು. ನಮ್ಮ ತಾಲ್ಲೂಕಿನಲ್ಲಿ ಅಂಥದ್ದು ಇದೆಯೇ, ಇಲ್ಲದಿದ್ದರೆ ಯಾವಾಗ ಮಾಡುತ್ತೀರಿ ಎಂದು ಓಟು ಕೇಳಲು ಬಂದವರನ್ನು ನಮ್ಮ ಮನೆಯವರು ಕೇಳಬೇಕು.

ಸಂಘವಾಗಿ ನಾವು ಮಾಡಬಹುದಾದದ್ದು

ರಾಜ್ಯೋತ್ಸವಕ್ಕೆ ಹಣ ಕೂಡಿಸುತ್ತೇವೆ. ಊರಿನ ಗುಡಿಯ ಮಹಾದ್ವಾರಕ್ಕೆ, ಮಸೀದಿಗೆ, ಇಗರ್ಜಿಗೆ, ಶಾಲೆಯ ರಂಗಮಂದಿರಕ್ಕೆ ಕೊಡುತ್ತೇವೆ. ಅವೆಲ್ಲ ಬೇಕು. ಅದರ ಜೊತೆಗೆ ವರ್ಷಕ್ಕೆ ಒಂದು ಹಳ್ಳಿಯ ಕೆಲವು ಬಡ ಮನೆಗಳಿಗೆ, ಸರ್ಕಾರದ ಸಹಾಯಧನಕ್ಕೆ ಸಾಲದೆ ಬೀಳುವ ಹಣವನ್ನು ಸೇರಿಸಿ ಅವಳಿ ಗುಂಡಿ ಮಾಡಿಸಿಕೊಟ್ಟರೆ ಹೇಗೆ? ಶರತ್ತು ಒಂದೇ: ನಮ್ಮ ಹಣದಲ್ಲಿ ಕಟ್ಟಿದ ಯಾವ ಗುಂಡಿಗೂ ಹಸಿ ಮಲ ತೆಗೆಯಲು ಮನುಷ್ಯ ಇಳಿಯಬಾರದು.

ಶಾಲೆಯ ಶೌಚಾಲಯಕ್ಕೆ ಕೊಡುವುದಾದರೆ ಕಟ್ಟಡಕ್ಕಿಂತ ನಡೆಸುವುದಕ್ಕೆ ಕೊಡೋಣ. ದಾನಿಗಳ ಹೆಸರಿನ ಕಲ್ಲು ಇದ್ದು, ಬೀಗ ಬಿದ್ದ ಶೌಚಾಲಯಗಳನ್ನು ನಾವು ರಜೆಗೆ ಹೋದಾಗ ನೋಡಿದ್ದೇವೆ. ನಲ್ಲಿಯಲ್ಲಿ ನೀರು, ಕೈ ತೊಳೆಯಲು ಸೋಪು, ತೊಳೆಯುವವರಿಗೆ ಮರ್ಯಾದೆಯ ಸಂಬಳ, ಅವರಿಗೆ ಗ್ಲೌಸು ಬೂಟು. ಇವು ತಿಂಗಳು ತಿಂಗಳು ಬೇಕಾಗುವ ಸಣ್ಣ ಖರ್ಚುಗಳು. ತಿಂಗಳು ತಿಂಗಳು ತಪ್ಪದೆ ಹಣ ಕಳಿಸುವುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮಲ್ಲಿರುವ ಇನ್ನೊಂದು ಬಂಡವಾಳ ಅನುಭವ. ನಮ್ಮೊಳಗೆ ಮೇಸ್ತ್ರಿಗಳಿದ್ದಾರೆ, ಪ್ಲಂಬರುಗಳಿದ್ದಾರೆ, ಸೇಫ್ಟಿ ಕೆಲಸ ಕಲಿತವರಿದ್ದಾರೆ. ರಜೆಗೆ ಹೋದಾಗ ಊರಿನ ಗೌಂಡಿಗಳನ್ನು ಕೂಡಿಸಿ ಒಂದು ಮಧ್ಯಾಹ್ನ ಇದನ್ನು ತೋರಿಸಿಕೊಟ್ಟರೆ, ಅವರು ಮುಂದೆ ಕಟ್ಟುವ ಹತ್ತಾರು ಮನೆಗಳಿಗೆ ಅದು ತಲುಪುತ್ತದೆ.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಆದರೆ ಇದೇ ವಾರ ಮಾಡಬಹುದಾದ ಕೆಲಸ ಒಂದಿದೆ. ಊರಿಗೆ ಫೋನು ಮಾಡಿದಾಗ ಮೂರು ಮಾತು ಕೇಳೋಣ: ನಮ್ಮ ಗುಂಡಿ ಯಾವ ಥರದ್ದು, ಎಷ್ಟು ಆಳ? ಅದರ ನೀರು ಎಲ್ಲಿಗೆ ಹೋಗುತ್ತದೆ? ಹೋದ ಸಲ ತುಂಬಿದಾಗ ತೆಗೆದವರು ಯಾರು? ಕೊನೆಯ ಪ್ರಶ್ನೆಗೆ ಒಬ್ಬ ಮನುಷ್ಯನ ಹೆಸರು ಉತ್ತರವಾಗಿ ಬಂದರೆ, ಆ ತಿಂಗಳ ಹಣದ ಜೊತೆ ಟ್ಯಾಂಕರಿಗೋ ಎರಡನೇ ಗುಂಡಿಗೋ ಆಗುವಷ್ಟು ಹೆಚ್ಚಿಗೆ ಹಾಕಿ, "ಇನ್ನು ಮೇಲೆ ಯಾರನ್ನೂ ಇಳಿಸಬೇಡ" ಎಂದು ತಮ್ಮನಿಗೆ ಹೇಳೋಣ.

ಇಲ್ಲಿ ನಮ್ಮನ್ನು ಗ್ಯಾಸ್ ಟೆಸ್ಟ್ ಇಲ್ಲದೆ ಇಳಿ ಎಂದರೆ ನಾವು ಇಳಿಯುವುದಿಲ್ಲ. ಇಳಿಯದಿರುವ ಹಕ್ಕು ನಮಗಿದೆ ಎಂದು ನಾವು ಕಲಿತಿದ್ದೇವೆ. ಊರಿನಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ನಿಂತವನಿಗೂ ಆ ಹಕ್ಕು ಇರಲಿ.